ರೈಲ್ವೆ ಸ್ಟೇಷನ್ನಲ್ಲಿ ಕೋಟು ಹಾಕಿಕೊಂಡು ಗಿಟಾರ್ ನುಡಿಸುವ ಸಿಸ್ಟರ್ ರೊಸೆಟಾ ಥಾರ್ಪ್ ಬಗ್ಗೆ ಗೊತ್ತಿರುವವರು ಹೇಳಿ

ತುಮಕೂರು_ಅಪ್ಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನನ್ನ ಮಗಳಿಗೆ 12 ವರ್ಷ. ಎರಡು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾಳೆ. ಹೋದ ವಾರ ಕ್ಲಾಸಿನಿಂದ ಮುಖ ಸಣ್ಣ ಮಾಡಿಕೊಂಡು ಬಂದಳು. ವಾರ್ಷಿಕ ಕಾರ್ಯಕ್ರಮಕ್ಕೆ ಯಾರು ಏನು ನುಡಿಸಬೇಕು ಅಂತ ಹಂಚುತ್ತಿದ್ದರಂತೆ. ಇವಳು ಲೀಡ್, ಅಂದರೆ ಮುಂದೆ ನಿಂತು ಕೇಳಿಸುವ ಮುಖ್ಯ ಗಿಟಾರ್, ನಾನು ನುಡಿಸುತ್ತೇನೆ ಅಂದಿದ್ದಾಳೆ. "ಹುಡುಗಿಯರು ಕಾರ್ಡ್ ಹಿಡಿದು ಹಾಡಿದ್ರೆ ಚೆನ್ನಾಗಿರುತ್ತೆ, ಸೋಲೋ ಎಲ್ಲಾ ಹುಡುಗ್ರು ನೋಡ್ಕೋತಾರೆ" ಅಂತ ಕಲಿಸುವವರು ಅಂದುಬಿಟ್ಟರಂತೆ. (ಕಾರ್ಡ್ ಅಂದರೆ ಹಾಡಿನ ಹಿಂದೆ ಒಟ್ಟಿಗೆ ಮೀಟುವ ಕೆಲವು ಸ್ವರಗಳ ಗುಂಪು.) ಗಿಟಾರನ್ನು ಚೀಲದಿಂದ ತೆಗೆಯದೆ ಗೋಡೆಗೆ ಒರಗಿಸಿ, ಊಟಕ್ಕೆ ಕೂತಾಗ ನನ್ನ ಕೇಳಿದಳು: "ಅಪ್ಪ, ಲೀಡ್ ನುಡಿಸೋ ಹೆಂಗಸರು ಯಾರೂ ಇಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಕೇಳಿ ಬೆಳೆದದ್ದು ಪಿ. ಕಾಳಿಂಗರಾಯರ ಭಾವಗೀತೆ, ಅಣ್ಣಾವ್ರ ಹಾಡು. ರಾಕ್ ಅಂದರೆ ಎಲ್ವಿಸ್ ಪ್ರೆಸ್ಲಿ ಹೆಸರು ಗೊತ್ತು, ಅಷ್ಟೇ.

ಅವಳು ಮಲಗಿದ ಮೇಲೆ ಯೂಟ್ಯೂಬಿನಲ್ಲಿ ಹುಡುಕುತ್ತಾ ಕೂತೆ. ಒಂದು ಕಪ್ಪು ಬಿಳುಪು ವಿಡಿಯೋ ಸಿಕ್ಕಿತು. ಹಳೇ ರೈಲ್ವೆ ಸ್ಟೇಷನ್. ಮಳೆ ಬಂದು ಪ್ಲಾಟ್‌ಫಾರಂ ಎಲ್ಲಾ ಒದ್ದೆ. ಕುದುರೆ ಗಾಡಿಯಲ್ಲಿ ಒಬ್ಬ ಕಪ್ಪು ಹೆಂಗಸು ಬಂದು ಇಳಿಯುತ್ತಾರೆ. ಮೈಮೇಲೆ ದೊಡ್ಡ ಕೋಟು, ಕಾಲಿಗೆ ಹೀಲ್ಸ್. ಮದುವೆ ಮನೆಗೆ ಹೊರಟ ದೊಡ್ಡಮ್ಮನ ತರಹ ಇದ್ದಾರೆ. ಬಂದವರೇ ಒಂದು ಬಿಳಿ ಎಲೆಕ್ಟ್ರಿಕ್ ಗಿಟಾರ್ ಕೊರಳಿಗೆ ಹಾಕಿಕೊಂಡರು. ಹಾಡುತ್ತಾ ಹಾಡುತ್ತಾ ಮಧ್ಯದಲ್ಲಿ ಮಾತು ನಿಲ್ಲಿಸಿ ಗಿಟಾರಿಗೆ ಬಿಟ್ಟುಕೊಟ್ಟರು ನೋಡಿ, ನನಗೆ ಮೈ ಜುಂ ಅಂದಿತು. ಜನ ಎದುರಿನ ಪ್ಲಾಟ್‌ಫಾರಂನಲ್ಲಿ ಕೂತಿದ್ದಾರೆ. ಹೆಸರು ಸಿಸ್ಟರ್ ರೊಸೆಟಾ ಥಾರ್ಪ್ ಅಂತ ಇತ್ತು.

ಬೆಳಿಗ್ಗೆ ಮಗಳಿಗೆ ತೋರಿಸಿದೆ. ಹಲ್ಲುಜ್ಜುವ ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಾಲ್ಕು ಸಲ ನೋಡಿದಳು. ಈಗ ಪ್ರಶ್ನೆಗಳ ಸುರಿಮಳೆ. ಇವರು ಯಾರು, ಎಲ್ಲಿ ಕಲಿತರು, ಅಷ್ಟು ಸಲೀಸಾಗಿ ಕೈ ಹೇಗೆ ಓಡುತ್ತೆ, ಎಲ್ವಿಸ್ ಹೆಸರು ಗೊತ್ತಿರುವ ನಮಗೆ ಇವರ ಹೆಸರು ಯಾಕೆ ಗೊತ್ತಿಲ್ಲ. ಇದರಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಇಲ್ಲಿ ಹಳೇ ಸಂಗೀತ ಕೇಳುವವರು ಇದ್ದೀರಿ, ಗಿಟಾರ್ ನುಡಿಸುವವರೂ ಇದ್ದೀರಿ. ಮಗಳಿಗೆ ಓದಿ ಹೇಳಬೇಕು, ಅದಕ್ಕೇ ಕೇಳುತ್ತಿದ್ದೇನೆ.

---

ಹಳೇ_ರೆಕಾರ್ಡು

ಸರ್, ನಿಮ್ಮ ಮಗಳು ಸರಿಯಾದ ಕಡೆಯಿಂದಲೇ ಶುರು ಮಾಡಿದ್ದಾಳೆ. ನಾನು ಮೂವತ್ತು ವರ್ಷದಿಂದ ರೆಕಾರ್ಡ್ ಕೂಡಿಡುತ್ತಿದ್ದೇನೆ. ಯಾರಾದರೂ ರಾಕ್ ಬಗ್ಗೆ ಕೇಳಿದರೆ ಮೊದಲು ತೋರಿಸುವುದು ಇದೇ ವಿಡಿಯೋ.

ಅದು 1964ರ ಮೇ 7ರಂದು ತೆಗೆದದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಲ್‌ಬ್ರಾಹಂ ರೋಡ್ ಅಂತ ಒಂದು ಸ್ಟೇಷನ್ ಇತ್ತು. ಪ್ರಯಾಣಿಕರ ರೈಲು ನಿಲ್ಲುವುದು ತಪ್ಪಿ ಆಗಲೇ ಕೆಲವು ವರ್ಷ ಆಗಿತ್ತು. ಗ್ರಾನಡಾ ಟೆಲಿವಿಷನ್‌ನವರು ಅದನ್ನು ಅಮೆರಿಕದ ದಕ್ಷಿಣದ ಒಂದು ಹಳ್ಳಿ ಸ್ಟೇಷನ್ ತರಹ ಸಿಂಗರಿಸಿದರು. ಒಂದು ಪ್ಲಾಟ್‌ಫಾರಂ ಕಲಾವಿದರಿಗೆ, ಎದುರಿನದು ಜನರಿಗೆ, ಮಧ್ಯೆ ಹಳಿ. ಬ್ಲೂಸ್ (ಅಮೆರಿಕದ ಕಪ್ಪು ಜನರ ನೋವು ನಲಿವಿನ ಹಾಡು) ಗಾಯಕ ಮಡ್ಡಿ ವಾಟರ್ಸ್ ಕೂಡ ಅದೇ ತಂಡದಲ್ಲಿ ಬಂದಿದ್ದರು. ಶೂಟಿಂಗ್ ಹೊತ್ತಿಗೆ ಸರಿಯಾಗಿ ಮಳೆ ಹೊಡೆಯಿತು. ರೊಸೆಟಾ ತಾವು ಮೊದಲು ಹಾಡಬೇಕಿದ್ದ ಹಾಡನ್ನು ಬಿಟ್ಟು 'ಡಿಡಂಟ್ ಇಟ್ ರೇನ್' ಎತ್ತಿಕೊಂಡರು. ಬೈಬಲ್ಲಿನ ನೋಹನ ಕಾಲದ ಪ್ರಳಯದ ಮಳೆಯ ಹಾಡು. ಆಗ ಅವರಿಗೆ 49 ವರ್ಷ. ಆ ಕೈ ಗಿಟಾರ್ ಹಿಡಿದು ನಲವತ್ತು ವರ್ಷ ದಾಟಿತ್ತು. ಸಲೀಸು ಎಲ್ಲಿಂದ ಬಂತು ಅಂತ ಮಗಳಿಗೆ ಇಲ್ಲಿಂದಲೇ ಹೇಳಬಹುದು.

ಹುಟ್ಟಿದ್ದು 1915ರ ಮಾರ್ಚ್ 20, ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನುವ ಊರು. ಹೆಸರೇ ಹೇಳುತ್ತೆ, ಹತ್ತಿ ಬಿಡಿಸುವವರ ಊರು. ಅಪ್ಪ ಅಮ್ಮ ಅದೇ ಕೆಲಸದವರು. ಅಮ್ಮ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಾ ಹಾಡಿ ಧರ್ಮಪ್ರಚಾರ ಮಾಡುತ್ತಿದ್ದವರು. ಮಗಳು ಆರು ವರ್ಷದ ಹೊತ್ತಿಗೆ ಅಮ್ಮನ ಜೊತೆ ಊರೂರು ತಿರುಗಿ ಸಭೆಗಳಲ್ಲಿ ಗಿಟಾರ್ ನುಡಿಸುತ್ತಿದ್ದಳು. 1920ರ ದಶಕದ ಮಧ್ಯದಲ್ಲಿ ಇಬ್ಬರೂ ಶಿಕಾಗೋಗೆ ಬಂದರು. 19ಕ್ಕೆ ಥಾಮಸ್ ಥಾರ್ಪ್ ಅನ್ನುವ ಬೋಧಕನ ಜೊತೆ ಮದುವೆ. ನಾಲ್ಕು ವರ್ಷಕ್ಕೆ ಆ ಸಂಸಾರ ಬಿಟ್ಟು ಅಮ್ಮನನ್ನು ಕರೆದುಕೊಂಡು ನ್ಯೂಯಾರ್ಕಿಗೆ ಹೋದರು. ಹೆಸರಿನ ಕೊನೆ ಮಾತ್ರ ಉಳಿಯಿತು.

1938 ಅವರ ವರ್ಷ. ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಬ್ಯಾಂಡ್ ನಾಯಕ ಕ್ಯಾಬ್ ಕ್ಯಾಲೊವೇ ಜೊತೆ ವೇದಿಕೆ. ಅದೇ ತಿಂಗಳ 31ಕ್ಕೆ ಡೆಕ್ಕಾ ರೆಕಾರ್ಡ್ ಕಂಪನಿಗೆ ನಾಲ್ಕು ಹಾಡು, ಅದರಲ್ಲಿ 'ರಾಕ್ ಮಿ' ಒಂದು. ಡಿಸೆಂಬರ್ 23ಕ್ಕೆ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್. ಮೂರು ತಿಂಗಳಲ್ಲಿ ಚರ್ಚಿನ ಬೆಂಚಿನಿಂದ ಅಲ್ಲಿಗೆ.

ಆಮೇಲೆ 1944ರಲ್ಲಿ ಸ್ಯಾಮಿ ಪ್ರೈಸ್ ಅವರ ಪಿಯಾನೋ ಜೊತೆ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ರೆಕಾರ್ಡ್ ಮಾಡಿದರು. ಮುಂದಿನ ವರ್ಷ ಅದು ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತಕ್ಕೆ ಅಂತ ಬೇರೆ ಇಟ್ಟಿದ್ದ ಪಟ್ಟಿಯಲ್ಲಿ 2ನೇ ಜಾಗಕ್ಕೆ ಬಂತು. ದೇವರ ಹಾಡು ಅಷ್ಟು ಮೇಲೆ ಹೋಗಿದ್ದು ಅದೇ ಮೊದಲು. ಎಲ್ವಿಸ್‌ಗೆ ಆಗ ಹತ್ತು ವರ್ಷ. ಈ ಹಾಡನ್ನು ಕಣ್ಣು ಮುಚ್ಚಿ ಕೇಳಿ, ಆಮೇಲೆ ಐವತ್ತರ ದಶಕದ ಯಾವುದೇ ರಾಕ್ ಅಂಡ್ ರೋಲ್ ಹಾಡು ಹಾಕಿ. ಮೂಲ ಎಲ್ಲಿದೆ ಅಂತ ನಾನು ಹೇಳುವ ಅಗತ್ಯವೇ ಇರುವುದಿಲ್ಲ.

---

ಬಿರಡೆ

ಕೈ ಹೇಗೆ ಓಡುತ್ತೆ ಅನ್ನುವ ಪ್ರಶ್ನೆ ನನಗಿರಲಿ. ನಾನು ಚಿಕ್ಕಂದಿನಲ್ಲಿ ವೀಣೆ ಕಲಿತು ಆಮೇಲೆ ಗಿಟಾರಿಗೆ ಬಂದವನು, ಅದಕ್ಕೇ ರೊಸೆಟಾ ನುಡಿಸುವುದು ನೋಡಿದಾಗ ಒಂದು ವಿಷಯ ಬೇಗ ಹೊಳೆಯಿತು. ಆಕೆಯ ಗಿಟಾರ್ ಮಾಮೂಲಿ ಶ್ರುತಿಯಲ್ಲಿ ಇಲ್ಲ.

ನಿಮ್ಮ ಮಗಳ ಗಿಟಾರಿನಲ್ಲಿ ದಪ್ಪ ತಂತಿಯಿಂದ ಶುರು ಮಾಡಿದರೆ ಇ, ಎ, ಡಿ, ಜಿ, ಬಿ, ಇ ಇರುತ್ತೆ. ರೊಸೆಟಾ ಜಾಸ್ತಿ ಬಳಸಿದ್ದು ಹಳೇ ಬ್ಲೂಸ್ ಜನ ವೆಸ್ಟಪೋಲ್ ಅಂತ ಕರೆಯುವ ಶ್ರುತಿ. ಈಗ ಓಪನ್ ಡಿ ಅನ್ನುತ್ತಾರೆ. ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಇದನ್ನು ನಮ್ಮ ಲೆಕ್ಕದಲ್ಲಿ ಹೇಳಿಬಿಡುತ್ತೇನೆ: ಸ ಪ ಸ ಗ ಪ ಸ. ಗ ಅಂದರೆ ಅಂತರ ಗಾಂಧಾರ. ಎಡಗೈ ಏನನ್ನೂ ಒತ್ತದೆ ಸುಮ್ನೆ ಆರೂ ತಂತಿ ಮೀಟಿದರೆ ಪೂರ್ತಿ ಕಾರ್ಡ್ ಬರುತ್ತೆ. ತಂಬೂರಿ ಮೀಟಿದಾಗ ಶ್ರುತಿ ತುಂಬಿಕೊಂಡು ನಿಲ್ಲುತ್ತಲ್ಲ, ಆ ತರಹ.

ಇದರಿಂದ ಏನಾಗುತ್ತೆ ನೋಡಿ. ಮಾಮೂಲಿ ಶ್ರುತಿಯಲ್ಲಿ ಹಾಡುತ್ತಾ ಒಬ್ಬರೇ ನುಡಿಸುವಾಗ ಎಡಗೈ ಕಾರ್ಡ್ ಹಿಡಿಯುವುದರಲ್ಲೇ ಸಿಕ್ಕಿಕೊಂಡಿರುತ್ತೆ. ಓಪನ್ ಶ್ರುತಿಯಲ್ಲಿ ಎಡಗೈಗೆ ಪುರುಸೊತ್ತು ಸಿಗುತ್ತೆ. ಬಲಗೈ ಹೆಬ್ಬೆರಳು ಕೆಳಗಿನ ಸ್ಥಾಯಿಯಲ್ಲಿ ತಾಳ ಹಿಡಿದುಕೊಂಡು ಹೋಗುತ್ತೆ, ಉಳಿದ ಬೆರಳು ಮೇಲಿನ ತಂತಿಗಳ ಮೇಲೆ ಹಾಡಿಗೆ ಉತ್ತರ ಕೊಡುತ್ತಾ ಇರುತ್ತೆ. ಆಕೆ ಒಂದು ಸಾಲು ಹಾಡುತ್ತಾಳೆ, ಗಿಟಾರ್ ಒಂದು ಸಾಲು ಹೇಳುತ್ತೆ. ಕಪ್ಪು ಜನರ ಚರ್ಚುಗಳಲ್ಲಿ ಬೋಧಕ ಒಂದು ಮಾತು ಹೇಳಿದರೆ ಸಭೆ ಕೂಗಿ ಉತ್ತರ ಕೊಡುತ್ತೆ. ರೊಸೆಟಾ ಆ ಸಭೆಯ ಕೆಲಸವನ್ನು ಗಿಟಾರಿಗೆ ಕೊಟ್ಟಳು. ಅದಕ್ಕೇ ಆಕೆಯ ಸೋಲೋಗಳು ಬೆರಳ ಕಸರತ್ತು ಅನ್ನಿಸುವುದಿಲ್ಲ. ಯಾರೋ ಎದ್ದು ನಿಂತು ಮಾತಾಡಿದ ಹಾಗೆ ಇರುತ್ತೆ.

ಇನ್ನು ಸದ್ದಿನ ವಿಷಯ. ಮೈಕ್ ಸರಿಯಾಗಿ ಇಲ್ಲದ ಕಾಲದಲ್ಲಿ ನೂರಾರು ಜನ ಚಪ್ಪಾಳೆ ತಟ್ಟಿ ಹಾಡುವ ಚರ್ಚಿನಲ್ಲಿ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ. ಆಕೆಯ ಹಳೇ ಫೋಟೋಗಳಲ್ಲಿ ನ್ಯಾಷನಲ್ ಕಂಪನಿಯ ಲೋಹದ ಮೈಯ ರೆಸೊನೇಟರ್ ಗಿಟಾರ್ ಕಾಣುತ್ತೆ. ಒಳಗೆ ತಗಡಿನ ಶಂಕು ಇರುತ್ತೆ, ಅದು ಸದ್ದನ್ನು ಹೊರಕ್ಕೆ ಎಸೆಯುತ್ತೆ. ಆಮೇಲೆ ಲಕಿ ಮಿಲಿಂಡರ್ ಅವರ ದೊಡ್ಡ ಬ್ಯಾಂಡ್ ಸೇರಿದಾಗ ಪಕ್ಕದಲ್ಲಿ ತುತ್ತೂರಿಗಳ ಸಾಲೇ ಇತ್ತು. ಅಲ್ಲಿ ಎಲೆಕ್ಟ್ರಿಕ್ ಬೇಕೇ ಬೇಕಾಯಿತು. 1941ರ 'ದಟ್ಸ್ ಆಲ್' ಕೇಳಿ, ಅಷ್ಟು ಜನ ಊದುತ್ತಿದ್ದರೂ ಗಿಟಾರ್ ಮುಂದೆ ಬಂದು ನಿಂತಿದೆ. ಸ್ಟೇಷನ್ ವಿಡಿಯೋದಲ್ಲಿ ಇರುವುದು ಗಿಬ್ಸನ್ ಎಸ್‌ಜಿ ಕಸ್ಟಮ್, ಬಿಳಿ ಬಣ್ಣ, ತಂತಿಯ ಸದ್ದು ಹಿಡಿಯುವ ಚಿನ್ನದ ಬಣ್ಣದ ಮೂರು ಪಿಕಪ್. ಅದನ್ನು ಕೋಟಿನ ಮೇಲೆ ಹಾಕಿಕೊಂಡು, ಹೀಲ್ಸ್ ಮೇಲೆ ನಿಂತು ನುಡಿಸಿದ್ದಾಳೆ.

ಮಗಳಿಗೆ ಮಾಡಿ ನೋಡಲು ಹೇಳಿ. ಎರಡು ತಂತಿ ಮುಟ್ಟುವುದೇ ಬೇಡ, ಐದನೆಯದು ಮತ್ತು ನಾಲ್ಕನೆಯದು. ಆರನೆಯದನ್ನು ಇ ಇಂದ ಡಿಗೆ ಇಳಿಸಿ. ಮೂರನೆಯದು ಜಿ ಇಂದ ಎಫ್ ಶಾರ್ಪ್‌ಗೆ, ಒಂದೇ ಒಂದು ಫ್ರೆಟ್‌ನಷ್ಟು. ಎರಡನೆಯದು ಬಿ ಇಂದ ಎಗೆ. ಒಂದನೆಯದು ಇ ಇಂದ ಡಿಗೆ. ಎಲ್ಲವೂ ಸಡಿಲ ಮಾಡುವುದೇ ಆದ್ದರಿಂದ ತಂತಿ ಕಿತ್ತು ಹೋಗುವ ಭಯ ಇಲ್ಲ.

---

ಶಿಕಾಗೋ_ಕನ್ನಡತಿ

ನಾನು ಇಲ್ಲಿ ಶಿಕಾಗೋದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ರೊಸೆಟಾ ಮತ್ತು ಅವರ ಅಮ್ಮ ಈ ಊರಿಗೆ ಬಂದಾಗ ಹಾಡುತ್ತಿದ್ದದ್ದು 40ನೇ ಬೀದಿಯ ರಾಬರ್ಟ್ಸ್ ಟೆಂಪಲ್ ಅನ್ನುವ ಚರ್ಚಿನಲ್ಲಿ. ಅದು ಇವತ್ತಿಗೂ ಇದೆ. ಇಟ್ಟಿಗೆ ಕಟ್ಟಡ. ಒಂದು ಶನಿವಾರ ಅದನ್ನು ನೋಡಲು ಅಂತಲೇ ಹೋಗಿದ್ದೆ. 1955ರಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಹುಡುಗನನ್ನು ಮಿಸಿಸಿಪಿಯಲ್ಲಿ ಬಿಳಿಯರು ಹೊಡೆದು ಕೊಂದಾಗ, ಅವನ ತಾಯಿ ಶವಪೆಟ್ಟಿಗೆ ಮುಚ್ಚದೆ ಊರಿಗೆಲ್ಲಾ ತೋರಿಸಿದ್ದು ಅದೇ ಚರ್ಚಿನಲ್ಲಿ. ಈಗ ಅದು ರಾಷ್ಟ್ರೀಯ ಸ್ಮಾರಕದ ಭಾಗ. ಹೊರಗೆ ನಿಂತಾಗ ಎರಡೂ ಒಟ್ಟಿಗೆ ನೆನಪಾಗಿ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಆ ಚರ್ಚಿನ ಪಂಗಡದ ಬಗ್ಗೆ ಹೇಳದೆ ರೊಸೆಟಾ ಅರ್ಥ ಆಗುವುದಿಲ್ಲ. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅಂತ ಹೆಸರು. ಬೇರೆ ಎಷ್ಟೋ ಚರ್ಚುಗಳಲ್ಲಿ ಗಂಭೀರವಾಗಿ ಕೂತು ಹಾಡಬೇಕು. ಇವರಲ್ಲಿ ಡ್ರಮ್, ಗಿಟಾರ್, ತಂಬೂರಿನ್ (ನಮ್ಮ ಕಂಜಿರದ ತರಹದ್ದು) ಎಲ್ಲಾ ಒಳಗೆ ಬರಬಹುದು, ದೇವರ ಹೆಸರಲ್ಲಿ ಕುಣಿಯಬಹುದು. ಹೆಂಗಸರಿಗೆ ಪಾದ್ರಿ ಸ್ಥಾನ ಇಲ್ಲ, ಆದರೆ ಹಾಡಿ ಪ್ರಚಾರ ಮಾಡಲು ಅಡ್ಡಿ ಇಲ್ಲ. ಅಲ್ಲಿ ಒಂದು ಪುಟ್ಟ ಹುಡುಗಿ ಗಿಟಾರ್ ಹಿಡಿದು ಎದ್ದರೆ ಯಾರೂ "ಇದು ಹುಡುಗರ ಕೆಲಸ" ಅನ್ನಲಿಲ್ಲ, ಚಪ್ಪಾಳೆ ತಟ್ಟಿದರು. ನಿಮ್ಮ ಮಗಳ ಕ್ಲಾಸಿನ ವಿಷಯ ಓದಿದಾಗ ನನಗೆ ಮೊದಲು ನೆನಪಾಗಿದ್ದು ಅದೇ.

ಆದರೆ ಅದೇ ಚರ್ಚಿನ ಜನಕ್ಕೆ ಅವರು ರಾತ್ರಿ ಕ್ಲಬ್ಬಿನಲ್ಲಿ ಹಾಡಿದ್ದು ಸಹಿಸಲು ಆಗಲಿಲ್ಲ. ಕುಡಿಯುವ ಜನರ ಮುಂದೆ, ಕುಣಿಯುವ ಹುಡುಗಿಯರ ಪಕ್ಕ ದೇವರ ಹಾಡು! ಮಿಲಿಂಡರ್ ಬ್ಯಾಂಡಿನಲ್ಲಿ ಇದ್ದಾಗ ದೇವರಿಗೆ ಸಂಬಂಧವೇ ಇಲ್ಲದ ಹಾಡನ್ನೂ ಹಾಡಿದರು. ಚರ್ಚಿನಲ್ಲಿ ಹಿರಿಯರು ಮುಖ ತಿರುಗಿಸಿದರು. ಕ್ಲಬ್ಬಿನವರಿಗೆ ಈಕೆ ಭಕ್ತಿ ಹಾಡಿನವಳು, ಭಕ್ತರಿಗೆ ಕ್ಲಬ್ಬಿನವಳು. ಬ್ಯಾಂಡ್ ಬಿಟ್ಟು ಮತ್ತೆ ದೇವರ ಹಾಡಿಗೆ ಬಂದರು, ಮರೀ ನೈಟ್ ಅನ್ನುವ ಗಾಯಕಿ ಜೊತೆ ಹಾಡಿ ದೊಡ್ಡ ಹೆಸರು ಮಾಡಿದರು. ಆಮೇಲೆ ಐವತ್ತರ ದಶಕದ ಶುರುವಿನಲ್ಲಿ ಇಬ್ಬರೂ ಕೆಲವು ಬ್ಲೂಸ್ ಹಾಡು ರೆಕಾರ್ಡ್ ಮಾಡಿದ್ದಕ್ಕೆ ಮತ್ತೆ ಅದೇ ಸಿಟ್ಟು. ಈ ಹೊಡೆತದಿಂದ ಅವರ ಜನಪ್ರಿಯತೆ ಇಳಿಯಿತು. ನನಗನ್ನಿಸುವುದು, ಅವರು ಒಂದನ್ನು ಆರಿಸಿಕೊಂಡಿದ್ದರೆ ಬದುಕು ಸುಲಭ ಆಗುತ್ತಿತ್ತು. ಅವರು ಆರಿಸಿಕೊಳ್ಳಲೇ ಇಲ್ಲ. ಎರಡೂ ಕಡೆ ಒಂದೇ ಗಿಟಾರ್, ಒಂದೇ ದನಿ.

ಮದುವೆ ಕಥೆ ಹೇಳಲೇಬೇಕು. 1951ರ ಜುಲೈ 3, ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂ. ಬೇಸ್‌ಬಾಲ್ ಆಡುವ ಜಾಗ. ಅಲ್ಲಿ ತಮ್ಮ ಮ್ಯಾನೇಜರ್ ರಸೆಲ್ ಮಾರಿಸನ್ ಜೊತೆ ಮದುವೆ ಆದರು, ಟಿಕೆಟ್ ಇಟ್ಟು. ಬಂದವರು 20 ರಿಂದ 25 ಸಾವಿರ ಜನ. ತಾಳಿ ಕಟ್ಟಿದ ಮೇಲೆ ಊಟ ಅನ್ನುವ ಹಾಗೆ ಅಲ್ಲಿ ಮದುವೆ ಆದ ಮೇಲೆ ಕಛೇರಿ! ಮದುವಣಗಿತ್ತಿ ಅದೇ ಬಿಳಿ ಗೌನಿನಲ್ಲಿ ಗಿಟಾರ್ ನುಡಿಸಿದರು, ಆಮೇಲೆ ಬಾಣಬಿರುಸು. ಡೆಕ್ಕಾದವರು ಇಡೀ ಸಮಾರಂಭವನ್ನು ರೆಕಾರ್ಡ್ ಮಾಡಿ ಮಾರಿದರು. ಸ್ಟೇಡಿಯಂ ತುಂಬಿಸಿ ಗಿಟಾರ್ ನುಡಿಸುವುದು ಅಂದರೆ ಈಗ ರಾಕ್ ಸ್ಟಾರ್‌ಗಳ ಲಕ್ಷಣ ಅನ್ನುತ್ತೇವೆ, ಅಲ್ವಾ. ಇದು ಬೀಟಲ್ಸ್ ಶೇ ಸ್ಟೇಡಿಯಂನಲ್ಲಿ ಹಾಡುವುದಕ್ಕೆ 14 ವರ್ಷ ಮುಂಚೆ.

ಆದರೆ ಅಷ್ಟು ದೊಡ್ಡ ಹೆಸರಿನವರಿಗೆ ದಕ್ಷಿಣದ ಊರುಗಳಲ್ಲಿ ಮಲಗಲು ಹೋಟೆಲ್ ರೂಮು ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅದಕ್ಕೇ ಮಲಗಲು ಜಾಗ ಇರುವ ಬಸ್ಸನ್ನೇ ಇಟ್ಟುಕೊಂಡು ತಿರುಗಿದರು. ಜಾರ್ಡನೇರ್ಸ್ ಅನ್ನುವ ಬಿಳಿಯರ ಹಾಡುಗಾರರ ತಂಡ ಅವರ ಜೊತೆ ಪ್ರವಾಸ ಮಾಡಿತ್ತು. ಆಮೇಲೆ ಎಲ್ವಿಸ್ ಹಿಂದೆ ನಿಂತು ಹಾಡಿದ್ದು ಇದೇ ತಂಡ. ಊಟದ ಹೋಟೆಲ್ಲಿನ ಒಳಗೆ ಬಿಳಿಯರು ಹೋಗಿ ಕೂರಬಹುದಿತ್ತು. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಇದ್ದವರು ಬಸ್ಸಿನಲ್ಲಿ ಕಾಯಬೇಕು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತೆ.

---

ಬೂಗಿ_ವೂಗಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸಬೇಕು ಅನ್ನಿಸಿತು. ರಾಕ್ ಅಂಡ್ ರೋಲ್ ಕಂಡುಹಿಡಿದದ್ದೇ ರೊಸೆಟಾ ಅಂತ ಈಗ ಎಲ್ಲಾ ಕಡೆ ಹೇಳುತ್ತಾರೆ. ಮಗುವಿಗೆ ಹಾಗೆ ಹೇಳಬೇಡಿ. ಒಬ್ಬರೇ ಹುಟ್ಟಿಸಿದ ಸಂಗೀತ ಅಲ್ಲ ಅದು. ಬೂಗಿ ವೂಗಿ ಪಿಯಾನೋದವರು ಇದ್ದರು, ಬ್ಲೂಸ್ ಗಿಟಾರಿನ ಟಿ-ಬೋನ್ ವಾಕರ್ ಇದ್ದರು, 1939ರಿಂದ ಜಾಜ್ ಬ್ಯಾಂಡಿನ ಬೆನ್ನಿ ಗುಡ್‌ಮನ್ ಜೊತೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ ಚಾರ್ಲಿ ಕ್ರಿಶ್ಚಿಯನ್ ಇದ್ದರು.

ಮತ್ತೆ ಹೆಂಗಸರಲ್ಲೂ ಆಕೆ ಒಬ್ಬಳೇ ಅಲ್ಲ. ಮೆಂಫಿಸ್ ಮಿನ್ನಿ ಅಂತ ಒಬ್ಬರು, ರೊಸೆಟಾಗಿಂತ ಹಿರಿಯರು, ಬ್ಲೂಸ್ ಗಿಟಾರಿನಲ್ಲಿ ಗಂಡಸರು ಹೆದರುವಂತೆ ನುಡಿಸುತ್ತಿದ್ದರು. 1942ರ ಕೊನೆಯಲ್ಲಿ ಶಿಕಾಗೋದ ಒಂದು ಕ್ಲಬ್ಬಿನಲ್ಲಿ ಆಕೆ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ್ದನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೇಳಿ ಪತ್ರಿಕೆಯಲ್ಲಿ ಬರೆದಿದ್ದಾರೆ. ರೊಸೆಟಾ ನಂತರದವರಲ್ಲಿ ಜೂನ್ ಮಿಲ್ಲಿಂಗ್ಟನ್ ಹೆಸರು ಮಗಳಿಗೆ ಹೇಳಿ. ಮನಿಲಾದಲ್ಲಿ ಹುಟ್ಟಿ, 1961ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದ ಹುಡುಗಿ. ತಂಗಿ ಜೀನ್ ಬಾಸ್ ಗಿಟಾರ್ ಹಿಡಿದಳು, ಅಕ್ಕ ಲೀಡ್. ಫ್ಯಾನಿ ಅನ್ನುವ ಆ ಬ್ಯಾಂಡಿನಲ್ಲಿ ಎಲ್ಲರೂ ಹೆಂಗಸರೇ. 1970ರಲ್ಲಿ ರಿಪ್ರೈಸ್ ಕಂಪನಿಯಿಂದ ಅವರ ಮೊದಲ ಎಲ್ಪಿ ಬಂತು. ಈಗ ಜೂನ್ ಅವರು ಮ್ಯಾಸಚೂಸೆಟ್ಸ್‌ನಲ್ಲಿ ಹುಡುಗಿಯರಿಗೆ ರಾಕ್ ಕಲಿಸುವ ಶಿಬಿರ ನಡೆಸುವ ಸಂಸ್ಥೆ ಕಟ್ಟಿದ್ದಾರೆ. ಇಷ್ಟು ಜನ ಇದ್ದಾರೆ ಅಂತ ಗೊತ್ತಾದರೆ ಆ ಮಗುವಿಗೆ ಧೈರ್ಯ. ಒಬ್ಬರೇ ಅಂದರೆ ಅದು ಪವಾಡ ಅನ್ನಿಸಿಬಿಡುತ್ತೆ.

---

ಹಳೇ_ರೆಕಾರ್ಡು

ಬೂಗಿ ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಮಿನ್ನಿ ಹೆಸರು ನಾನೇ ಹೇಳಬೇಕಿತ್ತು. ಆದರೂ ಒಂದು ವಿಷಯದಲ್ಲಿ ಬಿಟ್ಟುಕೊಡುವುದಿಲ್ಲ. ಐವತ್ತರ ದಶಕದ ರಾಕ್ ಗಾಯಕರಲ್ಲಿ ಎಷ್ಟೋ ಜನ ಎಳೆ ವಯಸ್ಸಿನಲ್ಲಿ ಕೇಳಿದ್ದು ರೊಸೆಟಾ ಅವರನ್ನೇ.

1947ರಲ್ಲಿ ಜಾರ್ಜಿಯಾದ ಮೇಕನ್ ಊರಿನ ಸಭಾಂಗಣಕ್ಕೆ ರೊಸೆಟಾ ಬಂದರು. ಅಲ್ಲಿ ಕೋಕ್ ಮಾರುವ 14 ವರ್ಷದ ಹುಡುಗ ಕಾರ್ಯಕ್ರಮಕ್ಕೆ ಮುಂಚೆ ಅವರದೇ ಹಾಡು ಹಾಡಿದ. ಕೇಳಿಸಿಕೊಂಡ ರೊಸೆಟಾ ಅವನನ್ನು ವೇದಿಕೆಗೇ ಕರೆದು ಹಾಡಿಸಿದರು, ಕೈಗೆ ದುಡ್ಡೂ ಕೊಟ್ಟರು. ಆ ಹುಡುಗ ಮುಂದೆ ದೊಡ್ಡ ರಾಕ್ ಗಾಯಕ ಆದ ಲಿಟಲ್ ರಿಚರ್ಡ್. ಹೆಸರಾಂತ ಅಮೆರಿಕನ್ ಗಾಯಕ ಜಾನಿ ಕ್ಯಾಶ್ 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ತೆಗೆದುಕೊಳ್ಳುವಾಗ, ಚಿಕ್ಕವನಿದ್ದಾಗ ನನಗೆ ಇಷ್ಟದ ಗಾಯಕಿ ರೊಸೆಟಾ ಅಂತ ಹೇಳಿದರು. ಆ ಹಾಲ್ ಆಫ್ ಫೇಮ್‌ಗೆ ಎಲ್ವಿಸ್, ಚಕ್ ಬೆರಿ, ಲಿಟಲ್ ರಿಚರ್ಡ್ ಸೇರಿದ್ದು 1986ರಲ್ಲಿ, ಮೊದಲ ತಂಡದಲ್ಲೇ. ರೊಸೆಟಾ ಸೇರಿದ್ದು 2018ರಲ್ಲಿ. 32 ವರ್ಷ! ನಮಗೆ ಯಾಕೆ ಹೆಸರು ಗೊತ್ತಿಲ್ಲ ಅಂತ ಮಗಳು ಕೇಳಿದಳಲ್ಲ, ಇದನ್ನು ಹೇಳಿ. ಹಾಡು ಉಳಿಸಿಕೊಂಡು ಹೆಸರು ಬಿಟ್ಟರು. ಭಕ್ತಿ ಸಂಗೀತ ಅಂತ ಬೇರೆ ಕಪಾಟಿಗೆ ಹಾಕಿದರು, ಕಪ್ಪು ಜನರ ಪಟ್ಟಿ ಅಂತ ಬೇರೆ ಇಟ್ಟರು, ಹೆಂಗಸು ಅಂತ ಗಾಯಕಿ ಅಂದರೇ ಹೊರತು ಗಿಟಾರಿಸ್ಟ್ ಅನ್ನಲಿಲ್ಲ.

ಕೊನೆಯ ದಿನಗಳು ಕಷ್ಟದ್ದು. 1970ರಲ್ಲಿ ಪಾರ್ಶ್ವವಾಯು ಹೊಡೆಯಿತು. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಒಂದು ಕಾಲು ತೆಗೆಯಬೇಕಾಯಿತು. ಆಮೇಲೂ ಹಾಡಿದರು. 1973ರ ಅಕ್ಟೋಬರ್ 9ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು, 58 ವರ್ಷಕ್ಕೆ. ಮತ್ತೆ ರೆಕಾರ್ಡಿಂಗ್‌ಗೆ ಹೋಗಬೇಕಿದ್ದ ಹಿಂದಿನ ದಿನ. 25 ಸಾವಿರ ಜನ ಮದುವೆಗೆ ಬಂದಿದ್ದ ಹೆಂಗಸಿನ ಸಮಾಧಿಗೆ ಒಂದು ಕಲ್ಲು ಇರಲಿಲ್ಲ. 35 ವರ್ಷ ಇರಲಿಲ್ಲ. ಗೇಲ್ ವಾಲ್ಡ್ ಅವರು ಬರೆದ ಜೀವನಚರಿತ್ರೆ 2007ರಲ್ಲಿ ಬಂದ ಮೇಲೆ ಜನಕ್ಕೆ ಎಚ್ಚರ ಆಯಿತು. 2008ರಲ್ಲಿ ಅಭಿಮಾನಿಗಳು ಒಂದು ಸಂಗೀತ ಕಛೇರಿ ಇಟ್ಟು ದುಡ್ಡು ಕೂಡಿಸಿ ಕಲ್ಲು ಹಾಕಿಸಿದರು. ಪೆನ್ಸಿಲ್ವೇನಿಯಾ ರಾಜ್ಯ ಆಗ ಜನವರಿ 11ನ್ನು ಅವರ ಹೆಸರಿನ ದಿನ ಅಂತ ಘೋಷಿಸಿತು.

ಮುಂದೆ ಏನು ಕೇಳಬೇಕು ಅಂದರೆ, ಮೊದಲು 'ಸ್ಟ್ರೇಂಜ್ ಥಿಂಗ್ಸ್', ಆಮೇಲೆ ಅರವತ್ತರ ದಶಕದ ಟಿವಿಯಲ್ಲಿ ಹಾಡಿದ 'ಅಪ್ ಅಬೋವ್ ಮೈ ಹೆಡ್'. ಹಿಂದೆ ಚರ್ಚಿನ ಹಾಡುಗಾರರ ಸಾಲು ಚಪ್ಪಾಳೆ ತಟ್ಟುತ್ತಿದೆ, ಮುಂದೆ ಅದೇ ಬಿಳಿ ಗಿಟಾರ್. ಅದರ ಸೋಲೋ ಬರುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

---

ತುಮಕೂರು_ಅಪ್ಪ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಊಟ ಆದ ಮೇಲೆ ಇಷ್ಟನ್ನೂ ಮಗಳಿಗೆ ಓದಿದೆ. ಬಸ್ಸಿನಲ್ಲಿ ಕಾಯುವುದು ಬಂದಾಗ "ಯಾಕೆ?" ಅಂತ ನಾಲ್ಕೈದು ಸಲ ಕೇಳಿದಳು. ನಮ್ಮೂರ ಹೋಟೆಲಿನಲ್ಲೂ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದ ಕಾಲ ನಾನು ಕಣ್ಣಾರೆ ನೋಡಿದ್ದು, ಅದನ್ನೂ ಹೇಳಿದೆ. ಆ ಮಾತು ಬಹಳ ಹೊತ್ತು ನಡೆಯಿತು.

ಆಮೇಲೆ ಬಿರಡೆ ಅವರು ಹೇಳಿದ ಶ್ರುತಿ. ಫೋನಿನಲ್ಲಿ ಟ್ಯೂನರ್ ಹಾಕಿಕೊಂಡು ಒಂದೊಂದೇ ತಂತಿ ಇಳಿಸಿದಳು. ಮೂರನೇ ತಂತಿ ಎರಡು ಸಲ ಜಾಸ್ತಿ ಇಳಿದು ಹೋಯಿತು, ಮತ್ತೆ ಏರಿಸಿದಳು. ಎಲ್ಲಾ ಆದ ಮೇಲೆ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಆರೂ ತಂತಿ ಒಮ್ಮೆ ಮೀಟಿದಳು. ಒಳಗೆ ದೇವರ ದೀಪ ಹಚ್ಚುತ್ತಿದ್ದ ನಮ್ಮಮ್ಮ "ಯಾರು ತಂಬೂರಿ ಶ್ರುತಿ ಮಾಡ್ತಿರೋದು?" ಅಂತ ಕೂಗಿ ಕೇಳಿದರು. ನಿಜವಾಗಿ ಹಾಗೇ ಕೇಳಿದರು. ಅವರಿಗೂ ಸ್ಟೇಷನ್ ವಿಡಿಯೋ ತೋರಿಸಿದೆವು. ಮಾತಾಡದೆ ಪೂರ್ತಿ ನೋಡಿ, ಇನ್ನೊಂದು ಸಲ ಹಾಕು ಅಂದರು.

ಲೀಡ್ ವಿಷಯ ನಾನೇ ಕ್ಲಾಸಿಗೆ ಹೋಗಿ ಮಾತಾಡುತ್ತೇನೆ ಅಂದೆ. ಬೇಡ, ಮೊದಲು ಆ ಸೋಲೋ ಕಲಿತುಕೊಂಡು ನಾನೇ ಅವರ ಮುಂದೆ ನುಡಿಸುತ್ತೇನೆ ಅಂದಳು. 'ಡಿಡಂಟ್ ಇಟ್ ರೇನ್' ನಿಧಾನ ಮಾಡಿ ಕೇಳುತ್ತಾ ಮೊದಲ ನಾಲ್ಕು ಸ್ವರ ಹುಡುಕಿಕೊಂಡಿದ್ದಾಳೆ.

ಬಿರಡೆ ಅವರೇ, ಬುಧವಾರ ಕ್ಲಾಸಿದೆ. ಅಷ್ಟರಲ್ಲಿ ಮತ್ತೆ ಮಾಮೂಲಿ ಶ್ರುತಿಗೆ ತರಬೇಕು. ಹೀಗೆ ಇಳಿಸಿ ಏರಿಸಿ ಮಾಡಿದರೆ ತಂತಿ ಹಾಳಾಗುತ್ತಾ?

---

ಬಿರಡೆ

ಹಾಳಾಗುವುದಿಲ್ಲ. ಏರಿಸುವಾಗ ಮಾತ್ರ ನಿಧಾನ. ಒಂದನೇ ತಂತಿ ಎಲ್ಲಕ್ಕಿಂತ ಸಣ್ಣದು, ಕಿತ್ತರೆ ಅದೇ ಮೊದಲು ಕೀಳುವುದು, ಆದ್ದರಿಂದ ಕಾಲು ಕಾಲು ಸುತ್ತು ತಿರುಗಿಸುತ್ತಾ ಪ್ರತಿ ಸಲ ಮೀಟಿ ನೋಡಲಿ. ಒಂದು ಜೊತೆ ತಂತಿ ಮನೆಯಲ್ಲಿ ಇಟ್ಟುಕೊಂಡಿರಿ. ಶ್ರುತಿ ಬದಲಿಸಿದ ಮೇಲೆ ತಂತಿಗಳು ಸ್ವಲ್ಪ ಹೊತ್ತು ಜಾರುತ್ತಾ ಇರುತ್ತವೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು.

ಮನೆಯಲ್ಲಿ ಹಳೇದು ಅಥವಾ ಯಾರಾದರೂ ನೆಂಟರ ಹತ್ತಿರ ಧೂಳು ಹಿಡಿದ ಗಿಟಾರ್ ಇದ್ದರೆ ಅದನ್ನು ಕೇಳಿ ತನ್ನಿ. ಅದನ್ನು ಪೂರ್ತಿ ಓಪನ್ ಡಿ ಶ್ರುತಿಗೇ ಬಿಟ್ಟುಬಿಡಿ. ಆ ನಾಲ್ಕು ಸ್ವರ ಹುಡುಕಿದ್ದಾಳಲ್ಲ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಐದನೆಯದರಲ್ಲಿ ತಂತಿ ಎಳೆಯಬೇಕು, ಯಾವ ಬೆರಳು ಅಂತ ಕೇಳಿ ಹೇಳುತ್ತೇನೆ.